ಉಸಿರಣ್ಣನ ಒಂದೇ ಒಂದು ಕೆಟ್ಟ ಚಿತ್ರ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬರು ಇಪ್ಪತ್ತೊಂಬತ್ತು ವರ್ಷಗಳಿಂದ ಮೂರೇ ಮಾತು ಆಡಿಕೊಂಡು ಸಂಸಾರ ಸಾಗಿಸುತ್ತಿದ್ದಾರೆ. ‘ಉಸಿರು ಎಳ್ಕೊಳ್ಳಿ. ಬಿಡಿ. ಹಾಗೇ ಹಿಡ್ಕೊಳ್ಳಿ.’ ಸ್ಕ್ಯಾನಿಂಗ್ ಟೆಕ್ನಿಷಿಯನ್. ಅವರ ಹೆಸರಿಗೆ ಹಾಜರಿ ಪುಸ್ತಕದಲ್ಲಿ ಮಾತ್ರ ಕೆಲಸ, ಮಿಕ್ಕಂತೆ ಎಲ್ಲರ ಬಾಯಲ್ಲೂ ಉಸಿರಣ್ಣ. ನಾನು ಅಲ್ಲೇ ರಿಪೋರ್ಟ್ ಟೈಪ್ ಮಾಡುವವಳು. ಅವರ ಗಾಜಿನ ಕಿಟಕಿಗೂ ನನ್ನ ಮೇಜಿಗೂ ಮೂರಡಿ ದೂರ. ಆದ್ದರಿಂದ ಈಗ ಹೇಳುವುದೆಲ್ಲ ನಾನೇ ಕಂಡು ಕೇಳಿದ್ದು.

ಚಿತ್ರದ ವಿಷಯದಲ್ಲಿ ಉಸಿರಣ್ಣ ಯಾರ ಮುಲಾಜೂ ನೋಡುತ್ತಿರಲಿಲ್ಲ. ರೋಗಿ ಚೂರು ಅಲ್ಲಾಡಿದರೂ ಮತ್ತೊಂದು ಸಲ. ಕೆಮ್ಮಿದರೆ ಮತ್ತೊಂದು ಸಲ. ಆಸ್ಪತ್ರೆಯ ಯಜಮಾನರ ಹೆಂಡತಿಯನ್ನೇ ಮೂರು ಸಲ ಮಲಗಿಸಿ ಎಬ್ಬಿಸಿದ ಪುಣ್ಯಾತ್ಮ. ಹೀಗಾಗಿ ನಾನೊಂದು ಜಾಣತನ ಮಾಡಿಕೊಂಡಿದ್ದೆ. ಪ್ರತಿ ಸ್ಕ್ಯಾನಿಗೂ ತುಂಬುವ ನಮೂನೆಯಲ್ಲಿ ‘ಚಿತ್ರದ ಗುಣಮಟ್ಟ’ ಎಂಬ ಕಾಲಮ್ ಇದೆಯಲ್ಲ, ಅದರಲ್ಲಿ ‘ಉತ್ತಮ’ ಎಂದು ಬೆಳಿಗ್ಗೆಯೇ ಎಲ್ಲದಕ್ಕೂ ಟೈಪ್ ಮಾಡಿ ಇಟ್ಟುಬಿಡುತ್ತಿದ್ದೆ. ರೋಗಿ ಇನ್ನೂ ಮನೆಯಲ್ಲಿ ಹಲ್ಲುಜ್ಜುತ್ತಿರುವಾಗಲೇ ಅವನ ಚಿತ್ರ ಇಲ್ಲಿ ಉತ್ತಮವಾಗಿರುತ್ತಿತ್ತು. ಹತ್ತು ವರ್ಷ ಹೀಗೇ ನಡೆಯಿತು, ಯಾರೂ ಏನೂ ಕೇಳಲಿಲ್ಲ.

ಇಂಥ ಉಸಿರಣ್ಣ ಹೆದರುತ್ತಿದ್ದದ್ದು ಒಬ್ಬರಿಗೇ. ಅಕ್ಕನ ಗಂಡ, ಅವರ ಭಾವ. ಅಪ್ಪ ಇಲ್ಲದ ಇವರನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು. ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ. ನಾಲಿಗೆಗೆ ಇನ್ನೂ ಆದೇಶ ಬಂದಿರಲಿಲ್ಲ. ಹಾಲಿನವನು, ಪಕ್ಕದ ಮನೆಯವರು, ಕೊನೆಗೆ ನಲ್ಲಿಯಲ್ಲಿ ಬರುವ ನೀರು, ಎಲ್ಲವನ್ನೂ ತಿದ್ದುತ್ತಿದ್ದರು. ಅಕ್ಕನನ್ನಂತೂ ನಲವತ್ತು ವರ್ಷದಿಂದ ತಿದ್ದುತ್ತಲೇ ಇದ್ದರು.

ಆ ಭಾವನಿಗೆ ಲಿವರ್‌ನಲ್ಲಿ ಗಡ್ಡೆಯಾಯಿತು. ಕ್ಯಾನ್ಸರ್. ಆಪರೇಷನ್ನಿಗೆ ಮುಂಚೆ ಸ್ಕ್ಯಾನ್ ಮಾಡಲು ನಮ್ಮಲ್ಲಿಗೇ ಬಂದರು.

ಲಿವರ್ ಉಸಿರಾಟದ ಜೊತೆ ಮೇಲೆ ಕೆಳಗೆ ಆಡುವ ವಸ್ತು. ಕೈಯ ನರಕ್ಕೆ ಔಷಧಿ ಬಿಟ್ಟು, ಅದು ಗಡ್ಡೆಗೆ ಹರಿಯುವ ಹೊತ್ತಿಗೆ ಸರಿಯಾಗಿ ಹದಿನೆಂಟು ಸೆಕೆಂಡು ಉಸಿರು ಹಿಡಿದು ಬಿದ್ದಿರಬೇಕು. ಆ ಗಳಿಗೆ ತಪ್ಪಿದರೆ ಅವತ್ತಿಗೆ ಮುಗಿಯಿತು, ಇನ್ನೊಂದು ದಿನ ಬರಬೇಕು. ಉಸಿರಣ್ಣ ಮೈಕಿನಲ್ಲಿ ‘ಹಾಗೇ ಹಿಡ್ಕೊಳ್ಳಿ ಭಾವ’ ಅಂದರು. ಒಂಬತ್ತು ಸೆಕೆಂಡಾಗಿತ್ತು. ಸ್ಪೀಕರಿನಲ್ಲಿ ಗುಡುಗು ಕೇಳಿಸಿತು.

“ಲೋ, ಇನ್ನೂ ಎಷ್ಟು ಹೊತ್ತೋ? ನಿಂಗೆ ಗಡಿಯಾರ ನೋಡೋಕೆ ಕಲಿಸಿದ್ದೇ ನಾನು!”

ಪರದೆಯ ಮೇಲೆ ಗಡ್ಡೆಯ ಅಂಚು ಕಲಸಿಹೋಗಿತ್ತು. ಉಸಿರಣ್ಣ ಹಣೆ ಒರೆಸಿಕೊಂಡರು. ‘ನಾಳೆ ಇನ್ನೊಂದ್ಸಲ ಬನ್ನಿ’ ಎನ್ನಲು ಮೈಕಿನ ಹತ್ತಿರ ಬಾಯಿ ತಂದರು, ತಂದವರು ಹಾಗೇ ಮುಚ್ಚಿಕೊಂಡರು. ನನ್ನತ್ತ ತಿರುಗಿ, “ಗಡ್ಡೆ ಎಲ್ಲಿದೆ, ಎಷ್ಟಿದೆ ಅಂತ ಗೊತ್ತಾಗುತ್ತಮ್ಮ. ಸರ್ಜನ್‌ಗೆ ಅಷ್ಟು ಸಾಕು. ಅಲ್ವಾ?” ಅಂದರು. ಕಾಲಮ್ಮಿನಲ್ಲಿ ‘ಉತ್ತಮ’ ಬೆಳಿಗ್ಗೆಯೇ ಕೂತಿತ್ತು. ಅಳಿಸಲು ನನಗೂ ಸೋಮಾರಿತನ.

ಆಪರೇಷನ್ ಚೆನ್ನಾಗಿಯೇ ಆಯಿತು. ಭಾವ ಹಾಸಿಗೆಯಲ್ಲೇ ನರ್ಸುಗಳ ಕೈಬರಹ ತಿದ್ದಿ ಮನೆಗೆ ಹೋದರು.

ನಾಲ್ಕು ತಿಂಗಳ ಮೇಲೆ ನಮ್ಮ ಸ್ಕ್ಯಾನಿಂಗ್ ವಿಭಾಗದ ಡಾಕ್ಟರಮ್ಮ ಹೊಸ ಪ್ರೋಗ್ರಾಮ್ ಒಂದನ್ನು ತಂದರು. ಆಪರೇಷನ್ನಿಗೆ ಮುಂಚಿನ ಚಿತ್ರ ಕೊಟ್ಟರೆ, ಗಡ್ಡೆಯ ಅಂಚು, ಬಣ್ಣದ ಏರಿಳಿತ ಎಲ್ಲ ಅಳೆದು, ಎರಡು ವರ್ಷದೊಳಗೆ ಕ್ಯಾನ್ಸರ್ ಮತ್ತೆ ಬರುವ ಸಂಭವ ನೂರಕ್ಕೆ ಎಷ್ಟು ಎಂದು ಹೇಳುತ್ತದಂತೆ. ಅಂಚು ನುಣ್ಣಗಿದ್ದರೆ ಕಡಿಮೆ, ಹರಕಾಗಿದ್ದರೆ ಜಾಸ್ತಿ. ಅಂಕ ಜಾಸ್ತಿ ಬಂದವರಿಗೆ ಆರು ತಿಂಗಳಿಗೊಮ್ಮೆಯ ಬದಲು ಎರಡೇ ತಿಂಗಳಿಗೊಮ್ಮೆ ಸ್ಕ್ಯಾನ್. ಇನ್ನೂ ಪರೀಕ್ಷೆಯ ಹಂತದ್ದು, ಆದ್ದರಿಂದ ಗುಣಮಟ್ಟ ‘ಉತ್ತಮ’ ಇರುವ ಚಿತ್ರ ಮಾತ್ರ ಹಾಕಬೇಕು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದರು. ನಮ್ಮಲ್ಲಿ ಎಲ್ಲವೂ ಉತ್ತಮವೇ ಆಗಿದ್ದನ್ನು ಕಂಡು ನಮ್ಮನ್ನು ಹೊಗಳಿದರು ಬೇರೆ.

ಭಾವನಿಗೆ ಎಪ್ಪತ್ತೆರಡು ಬಂತು. ಬದುಕಿಡೀ ಹುಡುಗರಿಗೆ ‘ಇನ್ನೂ ಜಾಸ್ತಿ ತಗೋಬೇಕಿತ್ತು’ ಎಂದು ಬೈದವರು, ಈ ಅಂಕಪಟ್ಟಿ ನೋಡಿ ಕುರ್ಚಿಯಲ್ಲಿ ಕುಸಿದರು. ಡಾಕ್ಟರಮ್ಮ ‘ಇದು ಅಂದಾಜು ಅಷ್ಟೇ ಸಾರ್’ ಎಂದು ಎಷ್ಟು ಬಿಡಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನುಷ್ಯರು ಹೇಳಿದ್ದನ್ನು ಒಂದು ದಿನವೂ ನಂಬದವರು ಕಂಪ್ಯೂಟರ್ ಹೇಳಿದ್ದನ್ನು ಒಂದೇ ಏಟಿಗೆ ನಂಬಿಬಿಟ್ಟರು.

ಅವತ್ತಿನಿಂದ ಅವರು ಒಳ್ಳೆಯವರಾದರು ನೋಡಿ. ಹಾಲಿನವನಿಗೆ ‘ಹೇಗಿದ್ದೀಯಪ್ಪ’ ಅಂದರಂತೆ. ಅವನು ಹೆದರಿ ಮರುದಿನ ಅರ್ಧ ಗಂಟೆ ಮೊದಲೇ ಬಂದನಂತೆ. ಪಕ್ಕದ ಮನೆಯವರ ಜೊತೆ ಗೋಡೆಯ ಜಗಳ ಬಿಟ್ಟುಕೊಟ್ಟರು. ಎರಡು ತಿಂಗಳಿಗೆ ಮೊದಲ ಸ್ಕ್ಯಾನಿಗೆ ಬಂದಾಗ ಉಸಿರು ಹಿಡಿದು ಮಲಗಿದ ರೀತಿಗೆ ಉಸಿರಣ್ಣನಿಗೇ ಅಂಜಿಕೆಯಾಗಿ, “ಭಾವ, ಈಗ ಬಿಡಿ, ಬಿಡಿ” ಎಂದು ಎರಡು ಸಲ ಹೇಳಬೇಕಾಯಿತು. ಲಿವರ್‌ನಲ್ಲಿ ಏನೂ ಇರಲಿಲ್ಲ. ಭಾವ ನಗಲೂ ಇಲ್ಲ.

ನಾನು ಒಳಗೊಳಗೇ, ಸದ್ಯ, ಅಕ್ಕನಿಗೆ ಈಗಲಾದರೂ ನೆಮ್ಮದಿ ಸಿಕ್ಕಿತು ಅಂದುಕೊಂಡಿದ್ದೆ. ಎರಡನೆಯ ಸ್ಕ್ಯಾನಿನ ದಿನ ಬೆಳಿಗ್ಗೆ, ಭಾವ ಬಟ್ಟೆ ಬದಲಿಸಲು ಹೋದಾಗ, ಆಕೆ ತಮ್ಮನ ಮುಂದೆ ಬಂದು ನಿಂತರು. ಅರ್ಧ ಇಳಿದುಹೋಗಿದ್ದರು.

“ಅವರು ಬೈತಾ ಇಲ್ಲ ಕಣೋ. ನಿನ್ನೆ ಅನ್ನ ಸೀದುಹೋಯ್ತು. ‘ಪರವಾಗಿಲ್ಲ ಬಿಡು’ ಅಂತ ತಿಂದ್ರು. ಇವರು ಹೊರಟೇಬಿಟ್ರು ಅನ್ನಿಸ್ತು ನಂಗೆ. ಒಂದ್ಸಲ ಬೈದುಬಿಡ್ಲಿ ಅಂತ ಬೇಕಂತಲೇ ಉಪ್ಪು ಜಾಸ್ತಿ ಹಾಕಿದೆ. ಅದನ್ನೂ ತಿಂದ್ರಲ್ಲೋ!”

ಉಸಿರಣ್ಣ ಗೋಡೆ ನೋಡಿದರು. ಆ ಎಪ್ಪತ್ತೆರಡರಲ್ಲಿ ಗಡ್ಡೆಯ ಪಾಲೆಷ್ಟು, ಭಾವನ ಬಾಯಿಯ ಪಾಲೆಷ್ಟು ಎಂಬುದು ನಮಗೂ ಗೊತ್ತಿರಲಿಲ್ಲ. ಹರಿದಿದ್ದು ಗಡ್ಡೆಯ ಅಂಚಲ್ಲ, ಚಿತ್ರದ ಅಂಚು ಎಂಬುದಂತೂ ಜಗತ್ತಿನಲ್ಲಿ ನಮ್ಮಿಬ್ಬರಿಗೇ ಗೊತ್ತಿತ್ತು.

“ಅಣ್ಣ, ಇನ್ನು ಸಾಕು” ಅಂದೆ. “ನೀವು ಹೇಳ್ತೀರೋ, ನಾನೇ ಹೇಳ್ಲೋ?”

“ಇಪ್ಪತ್ತೊಂಬತ್ತು ವರ್ಷದ ಹೆಸರಮ್ಮ...” ಅಂದರು. ಆಮೇಲೆ ಅವರೇ ಎದ್ದು ಡಾಕ್ಟರಮ್ಮನ ಬಾಗಿಲು ತಟ್ಟಿದರು. ನಾನೂ ಹಿಂದೆ ಹೋದೆ, ‘ಉತ್ತಮ’ ನನ್ನದಲ್ಲವೇ.

ಡಾಕ್ಟರಮ್ಮ ಹಳೆಯ ಚಿತ್ರ ತೆರೆದು ನೋಡಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. “ಈ ಚಿತ್ರಕ್ಕೆ ಅಂಕವೇ ಕೊಡೋ ಹಾಗಿಲ್ಲ. ಎಪ್ಪತ್ತೆರಡೂ ಅಲ್ಲ, ಹತ್ತೂ ಅಲ್ಲ. ಪಟ್ಟಿಯಿಂದ ತೆಗೀತೀನಿ. ಇನ್ಮೇಲೆ ಎಲ್ಲರ ಹಾಗೆ ಆರು ತಿಂಗಳಿಗೆ ಬಂದ್ರೆ ಸಾಕು” ಅಂದರು. ನನ್ನ ಹತ್ತು ವರ್ಷದ ‘ಉತ್ತಮ’ಗಳನ್ನೆಲ್ಲ ನಾವಿಬ್ಬರೂ ಕೂತು ಒಂದೊಂದಾಗಿ ಮತ್ತೆ ನೋಡಬೇಕು ಎಂದೂ ಸೇರಿಸಿದರು. “ಸರಿ, ಇವತ್ತು ಕೈಗೆ ಸೂಜಿ ಚುಚ್ಚಿಸ್ಕೊಂಡು ಕೂತಿದ್ದಾರಲ್ಲ ಪಾಪ, ಇದೊಂದು ಮುಗಿಸಿಬಿಡಿ.”

ಮುಗಿಸಿದರು. ಭಾವ ಕಲ್ಲಿನಂತೆ ಬಿದ್ದಿದ್ದರು, ಚಿತ್ರ ಕನ್ನಡಿಯ ಹಾಗೆ ಬಂತು. ಅದರಲ್ಲಿ, ಲಿವರ್‌ನ ಮೇಲ್ಭಾಗದಲ್ಲಿ, ಬಟಾಣಿ ಕಾಳಿನಷ್ಟು ಒಂದು ಚುಕ್ಕೆ ಇತ್ತು. ಉಸಿರಣ್ಣ ಉಸಿರು ಹಿಡಿದುಕೊಂಡರು. ಬಿಡಿ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಹೇಳಿದರು. ಮತ್ತೆ ಬಂದಿದೆ. ಆದರೆ ಚಿಕ್ಕದು. ಹೊರಗಿನಿಂದಲೇ ಸೂಜಿ ಇಳಿಸಿ ಸುಟ್ಟುಬಿಡಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ಇನ್ನೂ ನಾಲ್ಕು ತಿಂಗಳು ಬಿಟ್ಟು ಬಂದಿದ್ದರೆ ಇಷ್ಟು ಸುಲಭವಾಗುತ್ತಿರಲಿಲ್ಲ.

ಉಸಿರಣ್ಣನ ಕಣ್ಣಲ್ಲಿ ನೀರು ಬಂತು. ಎದ್ದು ನಿಂತು, ಶಾಲೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು, “ಭಾವ, ತಪ್ಪಾಯ್ತು. ಮೊದಲನೇ ಚಿತ್ರ ಕೆಟ್ಟಿತ್ತು. ನೀವು ಮಧ್ಯೆ ಮಾತಾಡಿದ್ರಿ. ನಿಮಗೆ ಹೇಳೋಕೆ ಹೆದರಿ ಹಾಗೇ ಕಳಿಸ್ದೆ. ಆ ಎಪ್ಪತ್ತೆರಡು ಸುಳ್ಳು” ಅಂದರು.

ಭಾವ ಡಾಕ್ಟರಮ್ಮನ ಕಡೆ ತಿರುಗಿದರು. “ಅಂದ್ರೆ, ಆ ಚಿತ್ರ ಸರಿಯಾಗಿದ್ದಿದ್ರೆ?”

“ಅಂಕ ಎಷ್ಟು ಬರ್ತಿತ್ತೋ ಗೊತ್ತಿಲ್ಲ ಸಾರ್” ಅಂದರು ಡಾಕ್ಟರಮ್ಮ. “ಕಡಿಮೆ ಬಂದಿದ್ರೆ ಇವತ್ತು ಇಲ್ಲಿಗೆ ಬರ್ತಿರಲಿಲ್ಲ. ಆದ್ರೆ ಇದು ಕಾಕತಾಳೀಯ, ದಯವಿಟ್ಟು...”

ದಯವಿಟ್ಟು ಏನೆಂದು ಯಾರಿಗೂ ಕೇಳಿಸಲಿಲ್ಲ. ಹೆಡ್‌ಮಾಸ್ಟರು ಎದ್ದು ನಿಂತಿದ್ದರು, ಹಿಂದೆ ಗಂಟು ಬಿಚ್ಚಿದ ಆಸ್ಪತ್ರೆಯ ನಿಲುವಂಗಿಯಲ್ಲೇ.

“ಕೇಳಿಸ್ಕೊಂಡ್ಯೇನೇ? ನಲವತ್ತು ವರ್ಷ ‘ಸ್ವಲ್ಪ ಬಾಯಿ ಮುಚ್ಕೊಳ್ಳಿ, ಸ್ವಲ್ಪ ಬಾಯಿ ಮುಚ್ಕೊಳ್ಳಿ’ ಅಂತ ಪ್ರಾಣ ತಿಂದ್ಯಲ್ಲ! ಅವತ್ತು ಮುಚ್ಕೊಂಡಿದ್ರೆ ನನ್ನ ಗತಿ ಏನಾಗ್ತಿತ್ತು? ಲೋ, ನೀನೊಬ್ಬ ದಡ್ಡ, ಒಂದು ಚಿತ್ರ ನೆಟ್ಟಗೆ ತೆಗೆಯೋಕೆ ಬರಲ್ಲ! ನಿನ್ನೆ ಆ ಸಾರಿಗೆ ಏನೇ ಅಷ್ಟು ಉಪ್ಪು? ಮನುಷ್ಯರು ತಿನ್ನೋದಾ ಅದು?”

ನೆಲಮಾಳಿಗೆಯ ಆ ತುದಿಯವರೆಗೂ ಕೇಳಿಸುತ್ತಿತ್ತು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಬಂದು ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ.

“ಬೈದ್ರು ಕಣಮ್ಮ” ಅಂದರು ನನ್ನ ಕೈ ಹಿಡಿದು. “ಉಪ್ಪಿಗೂ ಸೇರಿಸಿ ಬೈದ್ರು.”