ಒಗೆಯದೆ ಉಳಿದ ಕಾಲೊರಸು

ರಸ್ತೆಯ ತಿರುವಿನಲ್ಲಿ ಹದಿನೆಂಟು ವರ್ಷಗಳಿಂದ ಲಾಂಡ್ರಿ ನಡೆಸುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಲಾಂಡ್ರಿ ಅಕ್ಕ ಎಂದೇ. ಶಾಯಿ, ತುಕ್ಕು, ಕಾಲರಿನ ಜಿಡ್ಡು, ಯಾವ ಕಲೆಗೆ ಯಾವ ಮದ್ದೆಂದು ಅವಳ ಬೆರಳಿಗೇ ಗೊತ್ತಿತ್ತು. "ಇವಳ ಕೈಗೆ ಸಿಕ್ಕಿದ ಬಟ್ಟೆ ಹಿಂದಿನ ಜನ್ಮಾನೇ ಮರೆತುಬಿಡುತ್ತೆ" ಎಂದು ಬಸ್ ಡ್ರೈವರ್ ಗಂಡ ಛೇಡಿಸುತ್ತಿದ್ದ. ನೀರು ತಗಲಬಾರದ ರೇಷ್ಮೆಗೋ ಉಣ್ಣೆಗೋ ಮೂಲೆಯಲ್ಲೊಂದು ಕೆಂಪು ದಾರ ಕಟ್ಟುವುದು ಅಂಗಡಿಯ ಪದ್ಧತಿ. ಕೆಂಪು ದಾರ ಕಂಡರೆ ಕೈ ಹಿಂದಕ್ಕೆ.

ಹಳೆಯ ಮನೆಯ ಗೋಡೆಗಳು ವರ್ಷವಿಡೀ ಬೆವರುತ್ತಿದ್ದವು. ಹೊಸದು ಎರಡನೇ ಮಹಡಿ, ಬಾಲ್ಕನಿ ತುಂಬ ಬಿಸಿಲು. ಮನೆ ಬದಲಿಸುವ ಮುಂಚಿನ ವಾರ ಅವಳು ಪರದೆ, ದಿಂಬಿನ ಚೀಲ, ಕುರ್ಚಿಯ ಹೊದಿಕೆ ಒಂದನ್ನೂ ಬಿಡಲಿಲ್ಲ. ಹಳೇ ಕೊಳೆಯ ಚೂರೂ ಹೊಸ ಮನೆಯ ಹೊಸಿಲು ದಾಟಕೂಡದೆಂಬ ಹಟ. ಹನ್ನೊಂದು ವರ್ಷದ ಬೂದುಬಣ್ಣದ ಬೆಕ್ಕು ಬೂದನ ಕಂಬಳಿ, ಮೆತ್ತೆ, ಬುಟ್ಟಿಯೊಳಗಿನ ಬಟ್ಟೆಯೂ ನೀರಿಗೆ ಬಿದ್ದವು. ಉಳಿದದ್ದು ಅಡುಗೆಮನೆ ಬಾಗಿಲ ಕಾಲೊರಸು ಒಂದೇ. ದಿನವೂ ಮಧ್ಯಾಹ್ನ ಬೂದ ಮೈಚಾಚುತ್ತಿದ್ದುದು ಅದರ ಮೇಲೆ. ಅಂಚು ಬಿಚ್ಚಿ, ಕೂದಲು ಹೆಪ್ಪುಗಟ್ಟಿದ್ದ ಅದನ್ನು, ಇನ್ನು ಇದರ ಆಯಸ್ಸು ಮುಗಿಯಿತೆಂದು ಮೆಟ್ಟಿಲ ಕೆಳಗೇ ಬಿಟ್ಟುಬಂದಳು.

ಹೊಸ ಮನೆಯಲ್ಲಿ ಬುಟ್ಟಿಯ ಬಾಗಿಲು ತೆಗೆದದ್ದೇ ತಡ, ಬೂದ ಬಾಣದಂತೆ ಮಂಚದಡಿ ನುಗ್ಗಿ ಗೋಡೆಗೆ ಅಂಟಿಕೊಂಡ.

"ಹೊಸ ಅಳಿಯ ನಾಚ್ಕೊಂಡಿದಾನೆ, ಬಿಡು" ಎಂದ ಗಂಡ.

ಮೂರನೇ ದಿನಕ್ಕೆ ನಗು ಉಡುಗಿತು. ಮೀನಿಟ್ಟರೂ ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ. ಕಂಬಳಿ ತಳ್ಳಿದರೆ ಒಮ್ಮೆ ಮೂಸಿ ಬೆನ್ನು ತಿರುಗಿಸಿದ. ಒಂಬತ್ತು ವರ್ಷದ ಮಗಳು ಟಾರ್ಚು ಹಿಡಿದು ನೆಲಕ್ಕೆ ಕೆನ್ನೆಯಿಟ್ಟು ಹೇಳಿದಳು: "ಅಮ್ಮಾ, ನಾನ್ಯಾರು ಅಂತಾನೇ ಗೊತ್ತಿಲ್ಲ ಅನ್ನೋ ಥರ ನೋಡ್ತಾನೆ."

ಪಶುವೈದ್ಯೆಗೆ ಫೋನು ಹೋಯಿತು.

"ವಯಸ್ಸಾದ ಬೆಕ್ಕು, ಹೀಗೇ ಉಪವಾಸ ಬಿದ್ರೆ ಜೀವಕ್ಕೇ ಅಪಾಯ. ಇವತ್ತು ಸಂಜೆಯೊಳಗೆ ತಿನ್ನದಿದ್ರೆ ಕರ್ಕೊಂಡ್ಬನ್ನಿ. ಅದರ ಹಾಸಿಗೆ ಜೊತೆಗೆ ತಂದಿದ್ದೀರಿ ತಾನೆ?"

"ಎಲ್ಲಾ ತಂದಿದ್ದೀನಿ ಡಾಕ್ಟ್ರೇ. ಎರಡೆರಡು ಸಲ ಒಗೆದು, ಕೊನೇಲಿ ಪರಿಮಳದ ನೀರಲ್ಲಿ ಅದ್ದಿ..."

ಡಾಕ್ಟರು ಅಲ್ಲಿಗೇ ತಡೆದರು.

"ಅಕ್ಕಾ, ಅದಕ್ಕೆ ಮನೆ ಅಂದ್ರೆ ವಾಸನೆ. ನೀವು ಮನೇನೇ ಒಗೆದು ಹಾಕಿದ್ದೀರಿ. ಒಗೆಯದೇ ಇರೋದು ಏನಾದ್ರೂ ಉಳಿದಿದ್ಯಾ?"

ಅಂಗಡಿಗೆ ಬೀಗ ಹಾಕಿ ಲಾಂಡ್ರಿ ಅಕ್ಕ ಹಳೆಯ ಮನೆಗೆ ಓಡಿದಳು. ಅಲ್ಲಿ ಹೊಸದಾಗಿ ಬಾಡಿಗೆಗೆ ಬಂದಿದ್ದ ಟೀಚರಮ್ಮ ಅಂಗಳದಲ್ಲಿ ಬಕೀಟಿನ ಮುಂದೆ ಕೂತಿದ್ದರು. ಕೈಯಲ್ಲಿ ಕಾಲೊರಸು.

"ಅಯ್ಯಯ್ಯೋ, ಒಗೀಬೇಡ್ರೀ!" ಗೇಟಿನಿಂದಲೇ ಕೂಗಿದಳು.

ಟೀಚರಮ್ಮ ಬೆಚ್ಚಿ ಕೈಯೆತ್ತಿದರು. ಒಂದು ಮೂಲೆ ಆಗಲೇ ನೀರು ಕುಡಿದಿತ್ತು. "ಎಷ್ಟು ಗಲೀಜಾಗಿದೆ ನೋಡಿ. ಒಗೆದು ಹಾಕ್ಕೊಳ್ಳೋಣ ಅಂತಿದ್ದೆ. ನೀವು ಲಾಂಡ್ರಿಯವರಲ್ವಾ?"

"ಹೌದು ಕಣ್ರೀ, ಅದೇ ಆಗಿದ್ದು ತಪ್ಪು. ಗಲೀಜೇ ಬೇಕು ನನಗೆ, ಕೊಡಿ. ಹೊಸದೊಂದು ತಂದ್ಕೊಡ್ತೀನಿ."

ಕಂಕುಳಲ್ಲಿ ಕಾಲೊರಸು ಇರುಕಿಕೊಂಡು ಬರುವಾಗ ಎದುರಾದ ಗಿರಾಕಿಯೊಬ್ಬರು ಮೂಗು ಮುಚ್ಚಿಕೊಂಡರು. "ಏನಕ್ಕಾ, ಅರ್ಜೆಂಟ್ ಒಗೆತಾನಾ?"

"ಅರ್ಜೆಂಟೇ. ಒಗೆತ ಅಲ್ಲ" ಎಂದು ನಿಲ್ಲದೆ ನಡೆದಳು.

ಮನೆಗೆ ಬಂದು ಕಾಲೊರಸನ್ನು ಮಂಚದಡಿ ಅರ್ಧ ತಳ್ಳಿದಳು. ಕಾಯುತ್ತ ಸುಮ್ಮನೆ ಕೂರುವ ಪೈಕಿಯಲ್ಲ ಅವಳು. ಗಿರಾಕಿಗಳ ಅಂಗಿಗಳ ಗಂಟು ಬಿಚ್ಚಿ ಮಡಿಸತೊಡಗಿದಳು. ಹನ್ನೆರಡನೆಯದೋ ಹದಿಮೂರನೆಯದೋ ಅಂಗಿಯ ತೋಳು ಮಡಿಸುವಾಗ ಬೂದುಬಣ್ಣದ ಮೂಗೊಂದು ಇಣುಕಿತು. ಒದ್ದೆ ಮೂಲೆಯನ್ನು ಮೂಸಿ ಹಿಂದೆ ಸರಿಯಿತು. ಅವಳ ಕೈ ನಿಂತಿತು. ಬೂದ ಸುತ್ತುಹಾಕಿ ನೀರು ತಾಗದ ಕಡೆಯಿಂದ ಬಂದ, ಮುಂಗಾಲುಗಳಿಂದ ಮೆಲ್ಲಗೆ ತುಳಿದ, ಮಲಗಿದ. ಆಮೇಲೆ ಮಗಳು ಸರಿಸಿದ ಬಟ್ಟಲಿಂದ ಎರಡು ತುಂಡು ಮೀನು ತಿಂದ. ಡಾಕ್ಟರಿಗೆ ಅಷ್ಟನ್ನೇ ತಿಳಿಸಿದ್ದಾಯಿತು.

ಭಾನುವಾರ ಮನೆಬಟ್ಟೆ ಒಗೆಯುವ ದಿನ. ಮಗಳು ಒಂದೊಂದೇ ಎತ್ತಿ ಬುಟ್ಟಿಗೆ ಹಾಕುತ್ತ ಬಂದವಳು ಕಾಲೊರಸಿನ ಹತ್ತಿರ ಬಗ್ಗಿದಳು. ಹರಿದ ಅಂಚಿನಲ್ಲಿ ಕೆಂಪು ದಾರವೊಂದು ಬಿಗಿಯಾಗಿ ಗಂಟು ಬಿದ್ದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು.