ವಾಷರ್ ಕೆಳಗೆ ಏನೈತೆ

ನನ್ನ ಅತ್ತೆಯ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಅದರ ಮೇಲೆ ಸಣ್ಣ ಸಣ್ಣ ಗೀರುಗಳು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ನಮ್ಮದು ಕಬ್ಬಿಣದ ಕಂಬ, ಬೀಮು ಮಾಡಿಕೊಡುವ ಶೆಡ್ಡು. ಮಾವ ತೀರಿಕೊಂಡ ಮೇಲೆ ಅದನ್ನು ನಡೆಸಿದವರು ಅತ್ತೆ. ಬೋಲ್ಟಿಗೆಂದು ಕೊರೆದ ತೂತಿನೊಳಗೆ ಆ ಬೆರಳಿಟ್ಟು ಒಂದು ಸುತ್ತು ತಿರುಗಿಸದೆ ಯಾವ ಬೀಮನ್ನೂ ಲಾರಿ ಹತ್ತಲು ಬಿಡುತ್ತಿರಲಿಲ್ಲ. ಡ್ರಿಲ್ಲಿಂಗ್ ಮಿಷನ್ನಿನಲ್ಲಿ ಕೊರೆದ ತೂತು ನುಣ್ಣಗಿರುತ್ತದೆ. ಗ್ಯಾಸ್ ಕಟರಿನಲ್ಲಿ ಕುಯ್ದು ಹಿಗ್ಗಿಸಿದ್ದರೆ ಅಂಚು ಬೆರಳಿಗೆ ಚುಚ್ಚುತ್ತದೆ.

ಅನುಮಾನ ಅವರ ಹುಟ್ಟುಗುಣ. ಶೇಂಗಾ ಚೀಲ ಕೊಂಡರೆ ಮೊಳಕೈವರೆಗೂ ಕೈ ಇಳಿಬಿಟ್ಟು ತಳದ ಕಾಯಿ ತೆಗೆಸಿ ನೋಡುವರು. ನನ್ನ ಮದುವೆಯಲ್ಲಿ ಅಪ್ಪ ಮೊಳಕಾಲ್ಮೂರಿನಲ್ಲಿ ತಾವೇ ನೇಯ್ದ ರೇಷ್ಮೆ ಸೀರೆಯನ್ನು ಬೀಗಿತ್ತಿಗೆಂದು ಕೊಟ್ಟರೆ, ಚಪ್ಪರದಲ್ಲೇ ಅದರ ಮಡಿಕೆ ಬಿಚ್ಚಿ, ನೇಯ್ಗೆ ಸಾಚಾವೇ ಎಂದು ಹಿಂಬದಿ ತಿರುಗಿಸಿ ನೋಡಿದ್ದರು. ಅವತ್ತಿನಿಂದ ನನಗೂ ಅವರ ಮೇಲೆ ಅನುಮಾನ. ಈಯಮ್ಮ ನಮ್ಮ ಕಡೆಯವರನ್ನು ಮನುಷ್ಯರೆಂದೇ ಎಣಿಸುವುದಿಲ್ಲ ಎಂದುಕೊಂಡಿದ್ದೆ.

ಬೀಮಿನ ವಿಷಯಕ್ಕೆ ಬಂದರೆ, ಅದರ ಒಂದು ತುದಿಗೆ ಬೋಲ್ಟು ಹಿಡಿಯುವಷ್ಟೇ ದುಂಡು ತೂತು, ಇನ್ನೊಂದು ತುದಿಗೆ ಉದ್ದ ತೂತು. ನಮ್ಮ ಕಡೆಯ ಬಿಸಿಲಿಗೆ ಕಬ್ಬಿಣ ಹಿಗ್ಗಿದಾಗ ಸರಿದಾಡಲು ಆ ಉದ್ದ ತೂತು ಜಾಗ ಕೊಡುತ್ತದೆ.

"ಒಂದ್ ಕಡೆ ಹಿಡ್ಕಂಡಿರ್ಬೇಕು, ಒಂದ್ ಕಡೆ ಬಿಟ್ಟಿರ್ಬೇಕು. ಎರಡೂ ಕಡೆ ಬಿಟ್ರೆ ಅದು ಬೀಮಲ್ಲ, ಉಯ್ಯಾಲೆ," ಎನ್ನುವರು ಅತ್ತೆ. ಎಲ್ಲಕ್ಕಿಂತ ಹೆಚ್ಚು ಅನುಮಾನ ಅವರಿಗೆ ಬೋಲ್ಟಿನಡಿ ಕೂರುವ ಬಿಲ್ಲೆ, ವಾಷರಿನ ಮೇಲೆ. ಅಗಲ ವಾಷರ್ ಹಾಕಿ ಬೋಲ್ಟು ಬಿಗಿದುಬಿಟ್ಟರೆ ಕೆಳಗಿನ ತೂತು ಎಂಥದೆಂದು ದೇವರಿಗೂ ಕಾಣದು.

ಅಪ್ಪ ಮಗ್ಗದ ಕೋಣೆಗೆ ಕಬ್ಬಿಣದ ಬೀಮಿನ ಮೇಲೆ ಅಟ್ಟ ಹಾಕಿಸಲು ಹೊರಟರು. ಮೇಲಿಡುವುದು ಹಳೇ ಮಗ್ಗದ ಮರ, ನೂಲಿನ ಮೂಟೆ. ಅದರ ಕೆಳಗೇ ಅಪ್ಪನ ಮಗ್ಗ. ಬೀಮು ನಮ್ಮ ಶೆಡ್ಡಿನದು, ಕೂರಿಸಲು ಹೋದವರು ನನ್ನ ಗಂಡ. ಪೂಜೆಯ ದಿನ ಅತ್ತೆ, ನಾನು ಬಸ್ಸಿನಲ್ಲಿ ಹೋದೆವು. ನೆಂಟರೆಲ್ಲ ಸೇರಿದ್ದರು. ಅತ್ತೆ ಕೊಟ್ಟ ನೀರನ್ನೂ ಕುಡಿಯದೆ ಮೇಲೆ ನೋಡಿದರು.

"ಲೇ, ದುಂಡು ತೂತಿನ ಕಡೆ ಅಷ್ಟಗಲ ವಾಷರ್ ಯಾಕ್ ಹಾಕೀಯ? ತೆಗಿ, ಕೆಳಗೆ ಏನೈತೆ ನೋಡಾನ."

"ಅವ್ವ, ಎಲ್ಲಾ ಸರಿಯೈತೆ. ಪೂಜೆ ಮುಗೀಲಿ," ಎಂದರು ನನ್ನವರು.

"ಪರ್ವಾಲೇದು ಬಿಡ್ರಿ ವದಿನಮ್ಮಾ, ನಮ್ಮ ಅಳಿಯಂದ್ರು ತಾನೆ ಮಾಡಿರೋದು," ಎಂದು ತೆಲುಗು ಬೆರೆಸಿ, ಬೀಗಿತ್ತಿಯನ್ನು ಅತ್ತಿಗೆಯೆಂದು ಕರೆದು ಅಪ್ಪನೂ ನಕ್ಕರು.

ನನಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ನನ್ನ ತವರಿನಲ್ಲೂ ಇದನ್ನೇ ಮಾಡಬೇಕೇ ಇವರು? ಅತ್ತೆ ಸೆರಗು ಸಿಕ್ಕಿಸಿ ತಾವೇ ಏಣಿ ಹತ್ತಿದರು. ಸ್ಪ್ಯಾನರ್ ಹಾಕಿ ಒಂದು ಬೋಲ್ಟು ಬಿಚ್ಚಿ, ಬೆರಳಿಟ್ಟರು. ಇಳಿದು ಬಂದಾಗ ಬೆರಳ ತುದಿಯಲ್ಲಿ ರಕ್ತವಿತ್ತು.

ಕೂರಿಸುವಾಗ ತೂತಿಗೆ ತೂತು ಕೂಡಿಬಂದಿರಲಿಲ್ಲ. ಬೀಮು ವಾಪಸ್ಸು ಒಯ್ದರೆ ಮುಹೂರ್ತ ತಪ್ಪುತ್ತದೆ, ಮಾವನ ಮನೆಯಲ್ಲಿ ಮರ್ಯಾದೆ ಹೋಗುತ್ತದೆ ಎಂದು ನನ್ನ ಗಂಡ ಆ ದುಂಡು ತೂತುಗಳನ್ನು ಗ್ಯಾಸಿನಲ್ಲಿ ಕುಯ್ದು ಹಿಗ್ಗಿಸಿಬಿಟ್ಟಿದ್ದರು.

ಅತ್ತೆ ಅಪ್ಪನ ಮುಂದೆ ನಿಂತರು. "ಅಣ್ಣಾ, ನನ್ನ ಮಗ ತಪ್ಪು ಮಾಡ್ಯಾನೆ. ತೂತು ಸಡ್ಲಾಗಿ, ಎಲ್ಲಾ ಬೋಲ್ಟು ಹೊರೋ ಭಾರ ಒಂದೆರಡರ ಮ್ಯಾಲೆ ಬೀಳ್ತೈತೆ. ಇದರ ಕೆಳಗೆ ನಿಮ್ಮನ್ನ ಕುಂದ್ರಿಸಿ ನಾನು ಊಟ ಮಾಡಾಕಾಗಲ್ಲ. ಇಳಿಸ್ರಿ."

ಪೂಜೆ ನಿಂತಿತು. ಅಷ್ಟು ಜನರ ಮುಂದೆ ಸ್ವಂತ ಮಗನ ಮಾನ ಕಳೆದು, ನನ್ನ ಅಪ್ಪನ ತಲೆ ಉಳಿಸಿದ್ದರು. ಬಸ್ಸಿನಲ್ಲಿ ಬರುವಾಗ ಅವರ ಬೆರಳಿಗೆ ಬಟ್ಟೆ ಸುತ್ತಿದೆ. ಆ ಸೀರೆಯ ಸಿಟ್ಟು ಅಲ್ಲಿಗೆ ಮುಗಿಯಿತು. ಹೊಸ ಬೀಮು ಬಂದ ಮೇಲೆಯೇ ಅಪ್ಪ ಅಟ್ಟ ಹಾಕಿಸಿದ್ದು.

ಕಾಲು ಸೋತು ಹಾಸಿಗೆ ಹಿಡಿದ ಮೇಲೆ ಅತ್ತೆ ಶೆಡ್ಡಿಗೆ ನನ್ನನ್ನು ಕಳಿಸತೊಡಗಿದರು. ವಾಪಸ್ಸು ಬಂದು "ನೋಡ್ದೆ ಅತ್ತೆ" ಎಂದರೆ ಸಾಲದು. "ಬೆರಳು ತೋರ್ಸು" ಎನ್ನುವರು. ತುದಿ ಕಪ್ಪಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವರು. ಕೊನೆಯ ಸಲ ಹಾಗೆ ನೋಡಿದವರು, "ಹೂಂ, ನೋಡೀಯ" ಎಂದರು, ಆದರೆ ಬೆರಳು ಬಿಡಲಿಲ್ಲ. ಹಿಡಿದುಕೊಂಡೇ ನಿದ್ದೆ ಹೋದರು. ಆ ವಾರವೇ ತೀರಿಕೊಂಡರು.

ಅಪ್ಪ ಈಗಲೂ ಆ ಅಟ್ಟದ ಕೆಳಗೇ ಕೂತು ನೇಯುತ್ತಾರೆ. ತವರಿಗೆ ಹೋದಾಗಲೆಲ್ಲ ನಾನು ಏಣಿ ಹಾಕಿಸಿ, ಒಂದು ಬೋಲ್ಟು ಬಿಚ್ಚಿ, ವಾಷರ್ ತೆಗೆದು ಬೆರಳಿಡುತ್ತೇನೆ. ಅತ್ತೆಯೇ ನಿಂತು ಕೂರಿಸಿದ ಬೀಮು ಅದು. ಅವರನ್ನೂ ನಂಬದೆ ನೋಡುತ್ತೇನೆ. ಇದಕ್ಕೆ ಅವರು ಖಂಡಿತ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.