ಒಳಮಗ್ಗುಲು ಸವೆದ ಟೈರು

ಗಬ್ಬೂರ ಬೈಪಾಸಿನ ಪಕ್ಕದ ಟೈರಿನ ಅಂಗಡಿಯಲ್ಲಿ ಸುಕನ್ಯಾ ಮೊದಲು ಕೂತದ್ದು ಹದಿನೈದು ದಿನದ ಮಟ್ಟಿಗೆ. ಅಂಗಡಿ ಗಂಡ ಹುಲಗೇಶನದು. ಪಂಕ್ಚರ್ ತೆಗೆಯುವುದು, ಹವಾ ಹಾಕುವುದು, ಅಷ್ಟೇ ಕೆಲಸ. ಪರಿಚಯದ ಲಾರಿಯೊಂದರ ಡ್ರೈವರ್ ಜ್ವರ ಬಂದು ಮಲಗಿದನೆಂದು ಹುಲಗೇಶ ಅವನ ಬದಲಿಗೆ ಗುಜರಾತಿಗೆ ಹೊರಟ. "ಹದಿನೈದ ದಿನ ನೋಡ್ಕೊ, ಬಂದಬಿಡ್ತೇನಿ," ಅಂದ. ಹೇಳಿದಂತೆ ಬಂದ ಕೂಡ. ಆದರೆ ಅಷ್ಟರಲ್ಲಿ ಅವನಿಗೆ ದೂರದ ರಸ್ತೆಯ ರುಚಿ ಹತ್ತಿಬಿಟ್ಟಿತ್ತು, ಮತ್ತೆ ಹೋದ. ಇದು ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಈಗಲೂ ತಿಂಗಳಿಗೆ ಎರಡು ಸಲ ಲಾರಿ ನಿಲ್ಲಿಸಿ ಮನೆಗೆ ಊಟಕ್ಕೆ ಬರುತ್ತಾನೆ, ಹೊರಡುವ ಮುಂಚೆ ತನ್ನ ಚಕ್ರಗಳನ್ನೆಲ್ಲ ಹೆಂಡತಿಗೆ ತೋರಿಸಿಯೇ ಹೋಗುತ್ತಾನೆ.

ಸುಕನ್ಯಾ ಓದಿದ್ದು ಏಳನೇ ಇಯತ್ತೆ. ಚಕ್ರದ ವಿದ್ಯೆಯನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟವರಿಲ್ಲ. ಅಂಗಡಿಯ ಹಿಂದೆ ಹಳೆಯ ಟೈರುಗಳ ರಾಶಿ ಬಿದ್ದಿರುತ್ತಿತ್ತು. ಹೊಸದು ಹಾಕಿಸಿಕೊಂಡವರು ಸವೆದದ್ದನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದರು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅವನ್ನು ಜೋಡಿಸಿಡುತ್ತಿದ್ದಾಗ ಅವಳ ಗಮನಕ್ಕೆ ಬಂತು: ಒಂದರಂತೆ ಇನ್ನೊಂದು ಸವೆದಿಲ್ಲ. ಒಂದರ ನಡುವಷ್ಟೇ ನುಣ್ಣಗಾಗಿದೆ, ಇನ್ನೊಂದರ ಎರಡೂ ಅಂಚು ಹೋಗಿವೆ. ಮತ್ತೊಂದನ್ನು ಒಂದು ಕಡೆಯಿಂದ ಸವರಿದರೆ ರೇಷ್ಮೆ, ತಿರುಗಿ ಸವರಿದರೆ ಗರಗಸ. ಅವತ್ತಿನಿಂದ ಟೈರು ಬಿಟ್ಟುಹೋಗುವ ಪ್ರತಿಯೊಬ್ಬ ಡ್ರೈವರನನ್ನೂ ನಿಲ್ಲಿಸಿ ಕೇಳತೊಡಗಿದಳು: "ನಿಮ್ಮ ಗಾಡಿಗೆ ಏನಾಗಿತ್ರಿ?" ಕೆಲವರು ನಕ್ಕರು, ಬಹಳಷ್ಟು ಜನ ಹೇಳಿದರು. ಹವಾ ಜಾಸ್ತಿ ಇತ್ತು, ಬೇರಿಂಗ್ ಹೋಗಿತ್ತು, ಸ್ಪ್ರಿಂಗಿನ ಪಾಟಾ ಮುರಿದಿತ್ತು. ಅದನ್ನು ಸೀಮೆಸುಣ್ಣದಿಂದ ಆ ಟೈರಿನ ಮೇಲೆಯೇ ಬರೆದಿಡುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ, ಚಹಾ ಕುಡಿಯುತ್ತ ಒಂದು ಕೈಯಿಂದ ಟೈರು ಸವರಿ ಗಾಡಿಯ ಕಾಯಿಲೆ ಹೇಳುವಷ್ಟು ಅವಳ ಅಂಗೈ ಪಳಗಿತು. ಕುಂದಗೋಳ, ಕಲಘಟಗಿ ಕಡೆಯ ರೈತರು ಟ್ರ್ಯಾಕ್ಟರಿನ ಟ್ರೇಲರುಗಳನ್ನು ಹುಡುಕಿಕೊಂಡು ತರತೊಡಗಿದರು. ಯಾಕೆ ಸವೆಯಿತು ಎಂಬುದು ಗೊತ್ತಾಗುವವರೆಗೆ ಹೊಸ ಟೈರು ಹಾಕುವುದಿಲ್ಲ ಎಂಬುದು ಅವಳ ಕಟ್ಟುನಿಟ್ಟು.

ಕಳೆದ ವರ್ಷ ದೀಪಾವಳಿ ಮುಗಿದ ವಾರ ಅಂಗಡಿಯ ಮುಂದೆ ಒಂದು ಜೀಪು ಬಂದು ನಿಂತಿತು. ಅದರ ಹಿಂದೆ ಕೊಂಡಿಗೆ ಸಿಕ್ಕಿಸಿದ ಬಿಳಿಯ ಮನೆಗಾಡಿ: ಎರಡೇ ಚಕ್ರ, ಎರಡು ಕಿಟಕಿ, ಕಿಟಕಿಗೆ ಹೂವಿನ ಪರದೆ. ಜೀಪು ಓಡಿಸಿಕೊಂಡು ಬಂದವರು ಅರವತ್ತು ದಾಟಿದ ಹೆಂಗಸು, ಉಣಕಲ್ಲಿನ ದಾಕ್ಷಾಯಿಣಿ. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಪಕ್ಕದಲ್ಲಿ ಅವರ ಪತಿ ಶಿವಯೋಗೀಶ, ಧಾರವಾಡದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿದವರು. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಗಂಟೆಗಿಂತ ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ಅದಕ್ಕೇ ಈ ಮನೆಗಾಡಿ. ಗಂಟೆಗೊಮ್ಮೆ ರಸ್ತೆ ಬದಿಗೆ ನಿಲ್ಲಿಸುವುದು, ಅವರು ಒಳಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಮಲಗುವುದು, ಮತ್ತೆ ಹೊರಡುವುದು. ಹೀಗೆಯೇ ಬಾದಾಮಿ, ಸಂಡೂರು, ಗೋಕಾಕ ಎಲ್ಲ ತಿರುಗಿ ಬಂದಿದ್ದರು.

"ಏನವಾ ತಂಗಿ, ಈ ಗಾಡಿ ಟಾಯರ ತಿನ್ನಾಕತ್ತೈತಿ ನೋಡ," ಅಂದರು ದಾಕ್ಷಾಯಿಣಿ. "ಎಡಗಡಿದು ಇದು ಮೂರನೇದು. ಗಾಡಿ ಕಟ್ಟಿದಾಂವ ಟಾಯರ ಸುಮಾರದು ಅಂತಾನ. ಟಾಯರ ಮಾರಿದಾಂವ ರಸ್ತೆ ಸುಮಾರದು ಅಂತಾನ. ಬರೂ ತಿಂಗಳ ಅಂಕೋಲಾಕ್ಕ ಹೋಗೂದೈತಿ. ಛಲೋ ಟಾಯರ ಇದ್ರ ಹಾಕಿ ಕಳಸು."

ಸುಕನ್ಯಾ ಬಗ್ಗಿ ಚಕ್ರದ ಹಿಂದೆ ಕೈ ಹಾಕಿದಳು. ಹೊರಗಿನ ಅಂಚು ಹೊಸದರಂತಿದೆ. ಒಳಮಗ್ಗುಲಿನಲ್ಲಿ ರಬ್ಬರು ಹೋಗಿ ನೂಲು ಕೈಗೆ ಹತ್ತುತ್ತಿದೆ. ಅಂಕೋಲಾಕ್ಕೆ ಅಂದರೆ ಅರಬೈಲ ಘಟ್ಟ ಇಳಿಯಬೇಕು. ತಿರುವಿಗೆ ತಿರುವು, ಹಿಂದೆ ಮುಂದೆ ಅದಿರಿನ ಲಾರಿಗಳು.

"ಟಾಯರ ಹಾಕೂದಿಲ್ರಿ ಅಕ್ಕಾರ," ಅಂದಳು. "ಹಾಕಿದ್ರ ಅದೂ ಇದರ ಹಾದಿನ ಹಿಡೀತೈತಿ. ಗಾಡಿ ಎರಡ ದಿನ ಬಿಟ್ಟ ಹೋಗ್ರಿ. ಒಳಗಿನ ಸಾಮಾನ ಎಲ್ಲಾ ಇಳಿಸಿ ಕೊಡ್ರಿ, ನಾ ನೋಡ್ತೇನಿ."

ಗಾಡಿ ಖಾಲಿಯಾಗಿ ಬಂತು. ಸುಕನ್ಯಾ ಮೊದಲು ಮುಂದಿನ ಕೊಂಡಿಯಿಂದ ಒಂದೊಂದೇ ಚಕ್ರದ ನಡುವಿಗೆ ದಾರ ಹಿಡಿದಳು. ಎರಡೂ ಕಡೆ ಒಂದೇ ಉದ್ದ ಬರಬೇಕು. ಎಡಗಡೆ ಒಂದು ಬೆರಳು ಹೆಚ್ಚು ಬಂತು. ಎರಡೂ ಚಕ್ರಗಳನ್ನು ಹೊತ್ತ ಅಚ್ಚನ್ನು, ಅಂದರೆ ಆಕ್ಸಲ್ಲನ್ನು, ಪಾಟಾಕ್ಕೆ ಬಿಗಿಯುವ ಬೋಲ್ಟುಗಳು ಸಡಿಲಾಗಿ, ಎಡಗಡೆಯ ಚಕ್ರ ಅಷ್ಟು ಹಿಂದೆ ಸರಿದಿತ್ತು. "ಜೀಪಿನ ಕನ್ನಡ್ಯಾಗ ನೋಡಿದ್ರ ಗಾಡಿ ಒಂದ ಮಗ್ಗಲಕ್ಕ ಕಾಣತಿತ್ತಲ್ರಿ?" ಎಂದು ಫೋನಿನಲ್ಲಿ ಕೇಳಿದಳು. "ಹೌದ ನೋಡವಾ! ನಿನಗ ಹೆಂಗ ಗೊತ್ತಾತು?" ಎಂದು ದಾಕ್ಷಾಯಿಣಿ ಬೆರಗಾದರು. ಅಚ್ಚನ್ನು ಸರಿಸಿ, ಅಳತೆ ಕೂಡಿಸಿ, ಬೋಲ್ಟು ಬಿಗಿದಳು. ಕೊನೆಗೆ ಗೌಂಡಿಗಳು ಗೋಡೆಗೆ ಇಳಿಬಿಡುವ ತೂಗುಗುಂಡನ್ನು ಎರಡೂ ಚಕ್ರಗಳ ಪಕ್ಕ ಇಳಿಬಿಟ್ಟು ನೋಡಿದಳು. ಎಡಚಕ್ರ ಕಂಬ ನೆಟ್ಟಂತೆ ನೆಟ್ಟಗಿತ್ತು. ಬಲಚಕ್ರದ ತಲೆ ಮಾತ್ರ ಕೂದಲೆಳೆಯಷ್ಟು ಹೊರಗೆ ವಾಲಿತ್ತು. ಸವೆಯುತ್ತಿದ್ದುದು ಎಡಗಡೆಯದು, ಅದು ನೆಟ್ಟಗಿದೆ. ಇನ್ನೇನು ಬೇಕು? ಹೊಸ ಟೈರು ಹಾಕಿ, "ಆತ್ರಿ, ಇನ್ನ ನಿಶ್ಚಿಂತಿಯಿಂದ ಅಡ್ಡಾಡ್ರಿ," ಎಂದು ಕಳಿಸಿದಳು.

ಮೂರು ವಾರಕ್ಕೆ ಗಾಡಿ ತಿರುಗಿ ಬಂತು. ಬಾಗಲಕೋಟೆಗೆ ಹೋಗಿ ಬಂದಿದ್ದರಂತೆ. ಈಗ ಅದು ಜೀಪಿನ ಹಿಂದೆ ನೂಲು ಹಿಡಿದಂತೆ ನೆಟ್ಟಗೆ ಬರುತ್ತಿತ್ತು. ಆದರೆ ಎಡಗಡೆಯ ಹೊಸ ಟೈರಿನ ಒಳಮಗ್ಗುಲು ಮತ್ತೆ ಸವೆಯತೊಡಗಿತ್ತು.

ಇಪ್ಪತ್ತು ವರ್ಷದಲ್ಲಿ ಸುಕನ್ಯಾ 'ಆತ್ರಿ' ಅಂದ ಗಾಡಿ ಹೀಗೆ ತಿರುಗಿ ಬಂದದ್ದಿರಲಿಲ್ಲ. ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಸುಮ್ಮನೆ ನೋಡಿದಳು. ಹಾಗೆ ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು: ಅವತ್ತು ನೆಟ್ಟಗಿದ್ದ ಚಕ್ರದ ತಲೆ ಇವತ್ತು ಒಳಗೆ ವಾಲಿದೆ. ಅವತ್ತಿಗೂ ಇವತ್ತಿಗೂ ಏನು ವ್ಯತ್ಯಾಸ? ಅವತ್ತು ಗಾಡಿ ಖಾಲಿ. ಇವತ್ತು ಸಂಸಾರ ತುಂಬಿಕೊಂಡು ನಿಂತಿದೆ.

ಥಟ್ಟನೆ ಎದ್ದಳು. "ಅಕ್ಕಾರ, ಜೀಪ ಚಾಲೂ ಮಾಡ್ರಿ. ತೂಗಿಸ್ಕೊಂಡ ಬರೂಣು."

ಹತ್ತಿರದಲ್ಲೇ ಹತ್ತಿ ಗಿರಣಿಯ ತೂಕದ ಕಟ್ಟೆ ಇತ್ತು, ನೆಲಕ್ಕೆ ಸಮನಾದದ್ದು. ಬಲಚಕ್ರವನ್ನಷ್ಟೇ ಅದರ ಮೇಲೆ ನಿಲ್ಲಿಸಿದರು: ಆರುನೂರಾ ಹತ್ತು ಕಿಲೋ. ಆಮೇಲೆ ಎಡಚಕ್ರ: ಒಂಬೈನೂರಾ ಐವತ್ತು. ತೂಕದವನು ಗಾಜಿನ ಹಿಂದಿನಿಂದ ಮತ್ತೊಮ್ಮೆ ಓದಿ ಹೇಳಿದ.

"ಎಡಕ್ಕ ಏನೇನೈತ್ರಿ?" ಸುಕನ್ಯಾ ಕೇಳಿದಳು.

"ನೀರಿನ ಟಾಕಿ. ಅಡಗಿ ಸಾಮಾನ. ಬ್ಯಾಟರಿ. ಮತ್ತ ಇವರ ಹಾಸಗಿ. ಅಷ್ಟ," ಅಂದರು ದಾಕ್ಷಾಯಿಣಿ.

"ಹಾಸಗಿ ಕೆಳಗ?"

ಶಿವಯೋಗೀಶರು ಗಂಟಲು ಸರಿಮಾಡಿಕೊಂಡರು. "ಹಾಸಗಿ ಕೆಳಗ ಅಂಥಾದ್ದೇನಿಲ್ಲರಿ. ಒಂದೆರಡು ನಮೂನಿ ಕಲ್ಲ ಅದಾವು."

ಹಾಸಿಗೆ ಎತ್ತಿ ಹಲಗೆ ಸರಿಸಿದರೆ, ಕೆಳಗಿನ ಪೆಟ್ಟಿಗೆ ಕಂಠಮಟ್ಟ ಕಲ್ಲು. ಬಾದಾಮಿಯ ಕೆಂಪು ಕಲ್ಲು, ಸಂಡೂರಿನ ಕಬ್ಬಿಣದ ಕಲ್ಲು, ಗೋಕಾಕದ ಗುಲಾಬಿ ಬಣ್ಣದ್ದು. ಒಂದೊಂದನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಊರು, ತಾರೀಖು ಬರೆದು, ಮಗುವನ್ನು ಮಲಗಿಸಿದಂತೆ ಮಲಗಿಸಿದ್ದರು. ಮೊದಲ ಸಲ ಸಾಮಾನು ಇಳಿಸಿದಾಗ ಹೆಂಡತಿ ಹಾಲು ತರಲು ಹೋದ ಹೊತ್ತು ನೋಡಿ ಅವರೇ ಒಂದೊಂದಾಗಿ ಇಳಿಸಿ, ಆಮೇಲೆ ಹಾಗೆಯೇ ಏರಿಸಿದ್ದರಂತೆ.

"ಬೆನ್ನ ಆಪರೇಶನ್ ಆದಾವ್ರು ನೀವು!" ದಾಕ್ಷಾಯಿಣಿಯವರ ಧ್ವನಿ ಗಿರಣಿಯ ಅಂಗಳಕ್ಕೆಲ್ಲ ಕೇಳಿಸಿತು. "ನಾ ಒಂದ ಕುಟ್ಟೂ ಕಲ್ಲಿನ ಒಳ್ಳ ತಗೋತೇನಿ ಅಂದ್ರ ವಜ್ಜಿ ಆಕ್ಕೈತಿ ಬ್ಯಾಡ ಅಂದ್ರಿ. ಇದೇನ್ರಿ?"

"ಅದು ವಜ್ಜಿ ಅಲ್ಲ, ಅಭ್ಯಾಸ," ಅಂದರು ಶಿವಯೋಗೀಶರು ಮೆಲ್ಲಗೆ. ಸುಕನ್ಯಾಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕ ಮೇಲೆ ದಾಕ್ಷಾಯಿಣಿಯವರೂ ನಕ್ಕರು.

ಕಲ್ಲು ಇಳಿಸಿದರೆ ಮುಗಿಯುವ ವಿಷಯ ಇದಾಗಿರಲಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ಅಚ್ಚು ಬಾಗಿರಬೇಕು ಎಂಬುದು ಈಗ ಸುಕನ್ಯಾಳಿಗೆ ಖಚಿತವಾಯಿತು. ಗಾಡಿಯನ್ನು ಕಟ್ಟಿದ ವಿಶಾಲನನ್ನು ಕರೆಸಲು ಹೇಳಿದಳು. ರಾಯಾಪುರದಲ್ಲಿ ಶೆಡ್ಡು ಹಾಕಿಕೊಂಡು ಇಂಥ ಗಾಡಿಗಳನ್ನು ಕಟ್ಟುವ ಮೂವತ್ತರ ಆಸುಪಾಸಿನ ಹುರುಪಿನ ಮನುಷ್ಯ ಆತ. ಬೈಕು ನಿಲ್ಲಿಸುವಾಗಲೇ ಮುಖ ಗಂಟು ಹಾಕಿಕೊಂಡಿದ್ದ.

"ಅಕ್ಕಾ, ನನ್ನ ಹೆಸರ ಕೆಡಸಾಕತ್ತೀರಿ ನೀವು. ನಾ ಆಕ್ಸಲ್ ಹಾಕೂವಾಗ ಹೊಸಾದ ಇತ್ತು. ಇವರ ಕಲ್ಲ ಹೇರಿದ್ರ ನಾ ಏನ ಮಾಡ್ಲಿ? ನೀವರೆ ಮೊದಲ ಎಲ್ಲಾ ಸರಿ ಐತಿ ಅಂತ ಕಳಸಿದ್ರಲ್ಲಾ?"

"ಕಳಿಸಿದ್ದೆ," ಅಂದಳು ಸುಕನ್ಯಾ. "ಅದು ನನ್ನ ತಪ್ಪು. ಖಾಲಿ ಗಾಡಿ ನೋಡಿ ಹೇಳಿದ್ದೆ. ಟ್ರ್ಯಾಕ್ಟರ್ ಟ್ರೇಲರಿಂದು ದಪ್ಪನ ಸರಳ ಆಕ್ಸಲ್ಲು, ಅದರಾಗ ಚಕ್ರ ನೆಟ್ಟಗ ನಿಂತ್ರ ಆತು. ಇದು ಅಂಥಾದ್ದಲ್ಲ ಅಂತ ನಾ ವಿಚಾರ ಮಾಡ್ಲಿಲ್ಲ. ಹೆಸರಿನ ಮಾತ ಆಮ್ಯಾಲೆ ನೋಡೂಣು ತಮ್ಮಾ, ಈಗ ದಾರ ಹಿಡಿ."

ವಿಶಾಲ ಬೈಕಿನ ಕೀಲಿ ಜೇಬಿಗೆ ಹಾಕಿ ತೋಳು ಮಡಚಿದ. ಇಬ್ಬರೂ ಸೇರಿ ಜ್ಯಾಕ್ ಹಾಕಿ ಅಚ್ಚನ್ನು ಬಿಚ್ಚಿ ಎರಡು ಕಟ್ಟಿಗೆಯ ತುಂಡುಗಳ ಮೇಲೆ ಇಟ್ಟರು. ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ನಡುವೆ ಬಿಗಿಯಾಗಿ ದಾರ. ಇಂಥ ಹಗುರ ಅಚ್ಚನ್ನು ಮಾಡುವಾಗಲೇ ನಡುವೆ ತುಸು ಮೇಲಕ್ಕೆ ಬಾಗಿಸಿರುತ್ತಾರೆ. ಖಾಲಿ ಇದ್ದಾಗ ಚಕ್ರದ ತಲೆ ಸ್ವಲ್ಪ ಹೊರಗಿರುತ್ತದೆ, ಭಾರ ಬಿದ್ದ ಮೇಲೆ ನೆಟ್ಟಗಾಗುತ್ತದೆ. ಬಲಗಡೆ ಆ ಬಾಗು ಹಾಗೆಯೇ ಇತ್ತು. ಎಡಗಡೆ ಪೂರ್ತಿ ಅಳಿಸಿಹೋಗಿತ್ತು. ಖಾಲಿ ಇದ್ದಾಗಲೇ ನೆಟ್ಟಗಿದ್ದ ಚಕ್ರ ಭಾರ ಬಿದ್ದೊಡನೆ ಒಳಗೆ ವಾಲದೆ ಇನ್ನೇನು ಮಾಡೀತು? ಅವತ್ತು ಅವಳು ಸರಿಯೆಂದು ಬಗೆದ ಚಕ್ರವೇ ರೋಗದ್ದು, ತುಸು ವಾಲಿದೆ ಎಂದು ಅನುಮಾನಪಟ್ಟದ್ದೇ ಆರೋಗ್ಯದ್ದು.

ವಿಶಾಲ ಬಗ್ಗಿ ಒಂದು ಕಣ್ಣು ಮುಚ್ಚಿ ದಾರದ ಉದ್ದಕ್ಕೆ ನೋಡಿದ. ಎದ್ದು ಇನ್ನೊಂದು ತುದಿಗೆ ಹೋಗಿ ಅಲ್ಲಿಂದಲೂ ನೋಡಿದ.

"ಕಾಸಿ ಬಡದ್ರ ಸೀದಾ ಆಕ್ಕೈತಿ," ಅಂದ, ಮೊದಲಿನ ಜೋರಿಲ್ಲದೆ.

"ಆಕ್ಕೈತಿ. ಘಟ್ಟದಾಗ ಮುರೀತೈತಿ. ಒಮ್ಮಿ ಬಾಗಿದ ಆಕ್ಸಲ್ ಕಾಸಿದ್ರ ಅದರ ಜೀವ ಹೋಗತೈತಿ. ಹೊಸಾದ ಬೇಕು, ಇದಕ್ಕಿಂತ ದಪ್ಪಂದು. ಮತ್ತ ಟಾಕಿ ಎಡಕ್ಕ ಕೂಡಿಸಿದ್ದು ನೀನು, ಅವರಲ್ಲ."

ಅದು ನಿಜವಾಗಿತ್ತು. ಬಾಗಿಲು ಬಲಗಡೆ ಬಂತೆಂದು ವಿಶಾಲ ನೀರಿನ ಟಾಕಿ, ಅಡುಗೆ ಕಟ್ಟೆ, ಬ್ಯಾಟರಿ ಎಲ್ಲವನ್ನೂ ಎಡಕ್ಕೆ ಹಾಕಿದ್ದ, ಕೂಡಿಸಿ ನೋಡಿರಲಿಲ್ಲ. ಅಚ್ಚನ್ನು ಕೈಯಿಂದ ಒಮ್ಮೆ ಸವರಿ, "ಗಾಡಿ ಶೆಡ್ಡಿಗೆ ಕಳಸ್ರಿ ಅಕ್ಕಾ. ಟಾಕಿ ನಡುವ ತರ್ತೇನಿ. ಆಕ್ಸಲ್ಲೂ ನಾನ ಹಾಕ್ತೇನಿ," ಅಂದ.

"ಹಾಕು. ಅಳತಿಗೆ ನಾ ಬರ್ತೇನಿ."

ಹೋದಳು ಕೂಡ. ಹೊಸ ಅಚ್ಚು ಕೂತ ಮೇಲೆ ಕೊಂಡಿಯಿಂದ ಎರಡೂ ಚಕ್ರಗಳಿಗೆ ದಾರ ಹಿಡಿದಳು, ಒಂದೇ ಅಳತೆ. ಸಾಮಾನೆಲ್ಲ ತುಂಬಿಸಿ, ಟಾಕಿಗೆ ನೀರು ಹಾಕಿಸಿ, ಮತ್ತೆ ತೂಕದ ಕಟ್ಟೆಗೆ ಒಯ್ದಳು. ಎರಡು ಚಕ್ರಗಳ ನಡುವೆ ಮೂವತ್ತು ಕಿಲೋ ಅಂತರ ಉಳಿಯಿತು. ಶಿವಯೋಗೀಶರ ಕಲ್ಲುಗಳು ಉಣಕಲ್ಲಿನ ಮನೆಯ ಕಪಾಟಿಗೆ ಹೋದವು. ಇನ್ನು ಮುಂದೆ ಒಂದು ಊರಿಗೆ ಒಂದೇ ಕಲ್ಲು, ಅದೂ ಅಂಗೈ ಮೀರಬಾರದು ಎಂದು ದಾಕ್ಷಾಯಿಣಿ ಕಟ್ಟಳೆ ಮಾಡಿದರು.

ಡಿಸೆಂಬರಿನಲ್ಲಿ ಅವರು ಅಂಕೋಲಾಕ್ಕೆ ಹೊರಟಾಗ ಸುಕನ್ಯಾ ಹೇಳಿ ಕಳಿಸಿದ್ದಳು: ಘಟ್ಟ ಇಳಿಯುವಾಗ ಎರಡು ಕಡೆ ನಿಲ್ಲಿಸಿ, ಒಂದೊಂದು ಚಕ್ರದ ನಡುಭಾಗದ ಹತ್ತಿರ ಕೈ ಹಿಡಿದು ನೋಡಬೇಕು, ಎರಡೂ ಒಂದೇ ಬಿಸಿ ಇರಬೇಕು. ದಾಕ್ಷಾಯಿಣಿ ಹಾಗೆಯೇ ಮಾಡಿ ಎರಡೂ ಸಲ ಫೋನು ಮಾಡಿದರು. ಎರಡನೆಯ ಸಲ, "ಒಂದ ಬಿಸಿ ಐತವಾ, ಬಾಣಂತಿ ಹೊಟ್ಟಿಗಿಟ್ಟ ಶಾಖದಂಗ ಹದಾ ಐತಿ," ಎಂದು ನಕ್ಕರು. ಅಲ್ಲಿಂದ ಕಾರವಾರ, ಗೋಕರ್ಣ, ಆಮೇಲೆ ಸಂಕ್ರಾಂತಿಯ ಹೊತ್ತಿಗೆ ಕೊಲ್ಹಾಪುರ. ಸಾವಿರ ಕಿಲೋಮೀಟರು ಮುಗಿಸಿ ಗಾಡಿ ಮತ್ತೆ ಗಬ್ಬೂರಿಗೆ ಬಂದಾಗ ಸುಕನ್ಯಾ ಎಡಚಕ್ರದ ಹಿಂದೆ ಕೈ ಹಾಕಿ ಒಳ ಅಂಚಿನಿಂದ ಹೊರ ಅಂಚಿನವರೆಗೆ ಸವರಿದಳು. ಎಲ್ಲ ಕಡೆ ಒಂದೇ ಸಮ.

ಈಗ ವಿಶಾಲ ಕಟ್ಟುವ ಪ್ರತಿ ಮನೆಗಾಡಿಯೂ ಮಾಲಕರ ಕೈ ಸೇರುವ ಮೊದಲು ತುಂಬಿದ ಟಾಕಿಯೊಂದಿಗೆ ತೂಕಕ್ಕೆ ಹೋಗುತ್ತದೆ. ದಾರ ಹಿಡಿಯುವುದನ್ನು ಅವನೇ ಕಲಿತಿದ್ದಾನೆ. ಅನುಮಾನ ಬಂದರೆ ಮಾತ್ರ ಸುಕನ್ಯಾಳಿಗೆ ಫೋನು ಮಾಡುತ್ತಾನೆ. ಅವಳೂ ಒಂದು ಪದ್ಧತಿ ಬದಲಿಸಿದ್ದಾಳೆ. ಹೋದ ವಾರ ಕುಂದಗೋಳದ ರೈತರೊಬ್ಬರು ಟೈರು ಸವೆಯುತ್ತಿದೆಯೆಂದು ಟ್ರೇಲರು ತಂದರು. ನೋಡಲಿಕ್ಕೆ ಸುಲಭವಾಗಲೆಂದು ತೊಳೆದು, ಒರೆಸಿ, ಪೂರ್ತಿ ಖಾಲಿ ಮಾಡಿ ತಂದಿದ್ದರು.

"ಇದನ್ನ ನೋಡೂದಿಲ್ರಿ ಕಾಕಾ," ಅಂದಳು ಸುಕನ್ಯಾ. "ಹೋಗಿ ಹತ್ತಿ ಹೇರ್ಕೊಂಡ ಬರ್ರಿ."

ರೈತರು ಗೊಣಗುತ್ತ ಹೋದರು. ಮರುದಿನ ಬೆಳಿಗ್ಗೆ ಹತ್ತಿ ಹೇರಿಕೊಂಡೇ ಬಂದರು.